ಕೆಮ್ಮುವ ಆಳನ್ನು ಊರಿಗೆ ಕಳಿಸಿದರೆ ಕೆಮ್ಮು ಹೋಗುವುದೆ?



ಕಳೆದ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಸೂಚನೆ ಬಂತು. ಕೊಯ್ಲಿಗೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಆಳು ಕರೆತರುವ ಮೇಸ್ತ್ರಿಗಳಿಗೆ ಸಂಘದ ವತಿಯಿಂದಲೇ ಖಡಾಖಂಡಿತವಾಗಿ ಹೇಳಿಬಿಡಬೇಕು, ಕೆಮ್ಮುವವರನ್ನು ಗಾಡಿ ಹತ್ತಿಸಕೂಡದು, ಹತ್ತಿಸಿ ತಂದರೆ ಹೋಗಿಬರುವ ಖರ್ಚು ಮೇಸ್ತ್ರಿಯದೇ, ಎಂಬುದು ಆ ಸೂಚನೆಯ ಸಾರ. ಸೂಚಿಸಿದ ಸದಸ್ಯರು ಕಠಿಣ ಮನಸ್ಸಿನವರಲ್ಲ. ಹಿಂದಿನ ಕೊಯ್ಲಿನಲ್ಲಿ ಅವರ ತೋಟದ ಲೈನಿನಲ್ಲಿದ್ದ ಒಬ್ಬನಿಗೆ ಕ್ಷಯ ಇರುವುದು ಕೊಯ್ಲು ಮುಗಿಯುವ ಹೊತ್ತಿಗೆ ಗೊತ್ತಾಯಿತು. ಅವರ ಮನೆಯಲ್ಲಿ ಮೂರು ವರ್ಷದ ಮೊಮ್ಮಗುವಿದೆ. ಅದು ದಿನವೂ ಲೈನಿನ ಅಂಗಳಕ್ಕೆ ಓಡಿಹೋಗಿ ಆಡಿ ಬರುತ್ತಿತ್ತು. ಮಗುವನ್ನು ವೈದ್ಯರಿಗೆ ತೋರಿಸಿ, ಏನೂ ಇಲ್ಲವೆಂದು ತಿಳಿಯುವವರೆಗೆ ಆ ಮನೆಯವರು ಪಟ್ಟ ಪಾಡು ನಮಗೆ ಗೊತ್ತಿದೆ. ಆ ಭಯವನ್ನು ಹಗುರಾಗಿ ಕಾಣುವುದು ಯಾರಿಗೂ ಶೋಭಿಸದು.

ಹಾಗಿದ್ದರೂ ಆ ಸೂಚನೆಯನ್ನು ಸಂಘ ಒಪ್ಪಬಾರದೆಂದೇ ನಮ್ಮ ಅಭಿಪ್ರಾಯ. ಆಳುಗಳ ಮೇಲಿನ ಕರುಣೆಯಿಂದ ಮಾತ್ರ ಹೀಗೆ ಹೇಳುತ್ತಿಲ್ಲ. ಆ ಮೊಮ್ಮಗುವಿನ ಕ್ಷೇಮವನ್ನೇ ಎದುರಿಗಿಟ್ಟುಕೊಂಡು ನೋಡಿದರೂ ಆ ಕ್ರಮದಿಂದ ಅಪಾಯ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲು ಆ ಸೀಮೆಯ ಮಾತು. ನಮ್ಮಲ್ಲಿ ಬಹಳ ಮಂದಿಗೆ ಅದರ ಪರಿಚಯ ಮೇಸ್ತ್ರಿಯ ಮೂಲಕ ಬಂದದ್ದು ಮಾತ್ರ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರುತ್ತವೆ. ಆಷಾಢದ ಒಂದೇ ತಿಂಗಳಲ್ಲಿ ನಮ್ಮ ತೋಟಗಳ ಮೇಲೆ ಸುರಿಯುವಷ್ಟು ಮಳೆ ಅಲ್ಲಿ ವರ್ಷವೆಲ್ಲ ಸೇರಿದರೂ ಬೀಳುವುದು ಅಪರೂಪ. ಶೇಂಗಾ ಆ ನೆಲದ ಜೀವ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಹೆಸರಾದದ್ದು ಅದರಿಂದಲೇ. ಬೋರ್‌ವೆಲ್ ನೀರು ಸಿಕ್ಕ ಕಡೆ ಈಗ ಅಡಿಕೆ ಗಿಡವೂ ಎದ್ದಿದೆಯೆನ್ನಿ, ಅದು ಕೆಲವರ ಭಾಗ್ಯ. ಶೇಂಗಾ ಕೈಕೊಟ್ಟ ವರ್ಷ ಹಟ್ಟಿಗೆ ಹಟ್ಟಿಯೇ ಬೀಗ ಹಾಕಿಕೊಂಡು ಗುಳೆ ಹೊರಡುತ್ತದೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಒಂದು ಪಾಲು, ಕಾಫಿ ಸೀಮೆಗೆ ಒಂದು ಪಾಲು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯಲ್ಲಿ ಉಟ್ಟಿದ್ದಾರೆ. ಅದನ್ನು ನೇಯುವ ಗುಂಡಿಮಗ್ಗದ ಕೋಣೆಗೆ ಒಮ್ಮೆ ಹೋಗಿ ನಿಂತರೆ ಗಾಳಿ ಬೆಳಕಿನ ಬೆಲೆ ತಿಳಿಯುತ್ತದೆ.

ರೋಗಿಯಿಂದ ದೂರವಿರಬೇಕೆಂಬ ತಿಳಿವಳಿಕೆ ಆ ಜನಕ್ಕೆ ನಾವು ಹೊಸದಾಗಿ ಕಲಿಸಬೇಕಾದದ್ದೇನೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ನೆರೆಯ ಆಂಧ್ರದಿಂದಲೂ ಜನ ಬರುತ್ತಾರೆ. ಮನೆಯಲ್ಲಿ ಅಮ್ಮ ಎದ್ದಾಗ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಪದ್ಧತಿ ನಮ್ಮಲ್ಲೂ ಉಂಟು, ಅಲ್ಲಿಯೂ ಉಂಟು. ಅದು ದೇವಿಗೆ ಸಲ್ಲುವ ಮರ್ಯಾದೆಯೂ ಹೌದು, ಒಳಗೆ ಬರಬೇಡಿ ಎಂದು ಊರಿಗೆ ಕೊಡುವ ಸೂಚನೆಯೂ ಹೌದು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ ಇಲಿ ಬಿದ್ದ ಊರನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದವರ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. 2020ರ ಮಾರ್ಚಿಯಲ್ಲಿ ಕೊರೋನಾ ಬಂದಾಗ ರಾಜ್ಯದ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು ಎಳೆದುವು.

ಇವುಗಳಲ್ಲಿ ಯಾವುದೂ ಪೆದ್ದುತನವಲ್ಲ. ಆದರೆ ಒಂದೊಂದು ರೋಗಕ್ಕೆ ಒಂದೊಂದು ದಾರಿ ಎಂಬುದನ್ನು ಮರೆಯುವಂತಿಲ್ಲ. ಪ್ಲೇಗಿನಲ್ಲಿ ಊರು ಬಿಟ್ಟದ್ದು ಸರಿಯಾಯಿತು, ಏಕೆಂದರೆ ಅದು ಇಲಿಯ ಮೈಮೇಲಿನ ಚಿಗಟದಿಂದ ಬರುವುದು, ಇಲಿ ಇರುವುದು ಮನೆಯಲ್ಲಿ. ಕಾಲರಾ ನೀರಿನಲ್ಲಿ ಬರುತ್ತದೆ. ಅದಕ್ಕೆ ಹೆದರಿ ಊರು ಬಿಟ್ಟವನು ಕೆಟ್ಟ ನೀರನ್ನೇ ಹೊತ್ತುಕೊಂಡು ಹೋದರೆ ಏನು ಬಂತು? ನಮ್ಮ ಪಶ್ಚಿಮದ ಕಾಡಂಚಿನವರಿಗೆ ಚೆನ್ನಾಗಿ ಗೊತ್ತಿರುವ ಮಂಗನ ಕಾಯಿಲೆ ಉಣ್ಣೆಯಿಂದ ಬರುತ್ತದೆ, ರೋಗಿಯ ಪಕ್ಕ ಕುಳಿತದ್ದರಿಂದ ಬರುವುದಿಲ್ಲ. ಹಾಗೆಯೇ ಕ್ಷಯದ ದಾರಿ ಯಾವುದು, ಯಾವಾಗ ಅದು ತೆರೆದಿರುತ್ತದೆ, ಯಾವಾಗ ಮುಚ್ಚುತ್ತದೆ ಎಂದು ತಿಳಿದ ಮೇಲಷ್ಟೆ ಬೇಲಿಯನ್ನು ಎಲ್ಲಿ ಹಾಕಬೇಕೆಂಬುದನ್ನು ಯೋಚಿಸಬಹುದು.

ಕ್ಷಯದ ದಾರಿ ಗಾಳಿ. ಶ್ವಾಸಕೋಶದ ಕ್ಷಯವಿರುವವನು ಕೆಮ್ಮಿದಾಗ, ಜೋರಾಗಿ ಮಾತನಾಡಿದಾಗ, ಹಾಡಿದಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹೊರಬೀಳುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಿಕೊಂಡಿರುತ್ತವೆ. ಗಾಳಿಯಾಡುವ ಬಯಲಿನಲ್ಲಿ ಚದುರಿಹೋಗುತ್ತವೆ. ಬಿಸಿಲಿಗೆ ಕ್ರಿಮಿ ಸಾಯುತ್ತದೆ. ಹೀಗಾಗಿ ಕಾಫಿ ಗಿಡದ ನಡುವೆ ಪಕ್ಕದ ಸಾಲಿನಲ್ಲಿ ಹಣ್ಣು ಬಿಡಿಸುವವನಿಂದ ಸೋಂಕು ತಗಲುವ ಸಂಭವ ತೀರ ಕಡಿಮೆ. ಒಂದೇ ಕೋಣೆಯಲ್ಲಿ ಅವನೊಡನೆ ತಿಂಗಳಾನುಗಟ್ಟಲೆ ಮಲಗುವವರಿಗೆ ಹೆಚ್ಚು.

ಈಗ ನಮ್ಮ ಲೈನುಗಳನ್ನು ನೆನಪಿಸಿಕೊಳ್ಳಿ. ಹತ್ತಡಿ ಉದ್ದ, ಹತ್ತಡಿ ಅಗಲ. ಕಿಟಕಿಯೆಂದು ಹೇಳಿಕೊಳ್ಳಲು ಒಂದು ಕಿಂಡಿ. ಪುಷ್ಯ ಮಾಸದ ಮಂಜಿಗೆ ಅದಕ್ಕೂ ಗೋಣಿ ತುರುಕಿರುತ್ತಾರೆ. ಒಳಗೇ ಒಲೆ. ಆರೇಳು ಮಂದಿ ಸಾಲಾಗಿ ಮಲಗುತ್ತಾರೆ. ಕೆಮ್ಮು ಹೊಗೆಯದೋ ರೋಗದ್ದೋ ಕೆಮ್ಮುವವನಿಗೇ ತಿಳಿಯದು. ಅಡಿಕೆ ಸುಲಿಯುವ ಮನೆಯದೂ ಇದೇ ಸ್ಥಿತಿ. ಸಂಜೆಯಿಂದ ನಡುರಾತ್ರಿಯವರೆಗೆ ಇಪ್ಪತ್ತು ಮಂದಿ ಕತ್ತಿಮಣೆಯ ಮುಂದೆ ಮಂಡಿಗೆ ಮಂಡಿ ತಾಗಿಸಿ ಕುಳಿತಿರುತ್ತಾರೆ, ಚಳಿಯೆಂದು ಬಾಗಿಲು ಹಾಕಿರುತ್ತೇವೆ. ಬಯಲುಸೀಮೆಯಿಂದ ಕ್ಷಯ ಬರುತ್ತದೆಂದು ದೂರುವ ನಾವು, ಒಬ್ಬನ ಕ್ಷಯ ಹತ್ತು ಮಂದಿಗೆ ಹಂಚಿಕೆಯಾಗಲು ಬೇಕಾದ ಎಲ್ಲ ಅನುಕೂಲವನ್ನೂ ನಮ್ಮ ಖರ್ಚಿನಲ್ಲೇ ಕಟ್ಟಿಸಿಟ್ಟಿದ್ದೇವೆ ಎನ್ನದೆ ವಿಧಿಯಿಲ್ಲ. ಅಲ್ಲಿಂದ ಆರೋಗ್ಯವಾಗಿ ಬಂದವರು ಇಲ್ಲಿ ಸೋಂಕು ತಗಲಿಸಿಕೊಂಡು ಹಟ್ಟಿಗೆ ಮರಳಿದ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇನ್ನು ಮುಖ್ಯ ವಿಷಯ. ಹಿಂದೆ ಕ್ಷಯವೆಂದರೆ ರೋಗಿಯನ್ನು ಮನೆಯಿಂದ ಬೇರ್ಪಡಿಸಿ ಸ್ಯಾನಟೋರಿಯಮ್ಮಿನಲ್ಲಿ ಇಡಬೇಕೆಂದೇ ವೈದ್ಯರ ಮತವಿತ್ತು. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಆ ಕಾಲದ್ದು. ಮಾತ್ರೆಗಳು ಬಂದ ಮೇಲೆ, 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ತೆರೆದು, ವಾಲೆಸ್ ಫಾಕ್ಸ್ ಎಂಬ ಇಂಗ್ಲಿಷ್ ವೈದ್ಯರ ನೇತೃತ್ವದಲ್ಲಿ ಈ ಮತವನ್ನೇ ಪರೀಕ್ಷೆಗೆ ಹಚ್ಚಿದರು. 193 ಮಂದಿ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿದರು. ಇನ್ನೊಂದು ಪಾಲಿಗೆ ಅವರವರ ಇಕ್ಕಟ್ಟಾದ ಮನೆಯಲ್ಲೇ ಅದೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದವರಿಗೆ ಒಳ್ಳೆಯ ಊಟವಿಲ್ಲ, ವಿಶ್ರಾಂತಿಯಿಲ್ಲ. ಆದರೂ ವರ್ಷದ ಕೊನೆಗೆ ಎರಡೂ ಪಾಲಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು. ನಮಗೆ ಬೇಕಾದದ್ದು ಇದರ ಮುಂದಿನ ಸಂಗತಿ. ರೋಗಿಯ ಜೊತೆಯಲ್ಲೇ ಇದ್ದ ಹೆಂಡತಿ ಮಕ್ಕಳಿಗೆ, ರೋಗಿಯನ್ನು ದೂರ ಕಳಿಸಿದ್ದವರ ಮನೆಯವರಿಗಿಂತ ಹೆಚ್ಚಾಗಿ ರೋಗ ಬಂತೆ ಎಂದು ಐದು ವರ್ಷ ಕಾದು ನೋಡಿದರು. ಹೆಚ್ಚಾಗಿ ಬಂದಿರಲಿಲ್ಲ. ಮನೆಯವರಿಗೆ ತಗಲುವ ಸೋಂಕಿನಲ್ಲಿ ಹೆಚ್ಚಿನದು ರೋಗ ಪತ್ತೆಯಾಗುವ ಮೊದಲೇ ತಗಲಿರುತ್ತದೆ. ಸರಿಯಾದ ಮಾತ್ರೆ ಹೊಟ್ಟೆಗೆ ಬಿದ್ದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಇಳಿದುಬಿಡುತ್ತದೆ. ಜಗತ್ತಿನಲ್ಲೆಲ್ಲ ಸ್ಯಾನಟೋರಿಯಮ್ಮುಗಳು ಒಂದೊಂದಾಗಿ ಬಾಗಿಲು ಹಾಕಲು ಮದ್ರಾಸಿನ ಈ ಕೆಲಸವೂ ಒಂದು ದೊಡ್ಡ ಕಾರಣ.

ಎಂದರೆ, ಲೈನಿನಲ್ಲಿ ಕ್ಷಯದ ಮಾತ್ರೆ ನುಂಗುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿರುವ ಆಳಿಗೆ ನಾವು ಹೆದರುತ್ತೇವೆ. ಪಕ್ಕದ ಕೋಣೆಯಲ್ಲಿ ಎರಡು ತಿಂಗಳಿಂದ ಕೆಮ್ಮುತ್ತ, ಸಂಜೆಯಾದರೆ ಮೈ ಬೆಚ್ಚಗಾಗುತ್ತ, ಸೊರಗುತ್ತ ಇರುವವನನ್ನು ನಾವು ಗಮನಿಸುವುದೇ ಇಲ್ಲ. ನಮ್ಮ ಮಕ್ಕಳಿಗೆ ಅಪಾಯವಿರುವುದು ಎರಡನೆಯವನಿಂದ.

ಈ ಎರಡನೆಯವನು ಏಕೆ ಪತ್ತೆಯಾಗುವುದಿಲ್ಲ? ಸೋಮಾರಿತನ, ಅಜ್ಞಾನ ಎಂದು ನಮ್ಮವರು ಥಟ್ಟನೆ ಹೇಳುವುದುಂಟು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಚಳ್ಳಕೆರೆಗೆ ಹೊಂದಿಕೊಂಡೇ ಇರುವ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನೇ ವಿಚಾರಿಸಿದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು 1963ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಬಹುಪಾಲು ಜನಕ್ಕೆ ತಮಗೇನೋ ಆಗಿದೆಯೆಂಬುದು ಗೊತ್ತೇ ಇತ್ತು. ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿ ಬಂದಿದ್ದರು, ಕೆಮ್ಮಿನ ಔಷಧದ ಬಾಟಲಿ ಹಿಡಿದುಕೊಂಡು ವಾಪಸು ಬಂದಿದ್ದರು! ಕಫವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಈಗ ಪರೀಕ್ಷೆಯ ಸೌಕರ್ಯ ಬಹಳ ಸುಧಾರಿಸಿದೆ. ತಾಲ್ಲೂಕು ಮಟ್ಟದಲ್ಲೇ ಯಂತ್ರದಿಂದ ಕೆಲವು ಗಂಟೆಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಆದರೆ ಅರವತ್ತು ವರ್ಷದ ಹಿಂದಿನ ಆ ಬಾಟಲಿ ಮಾತ್ರ ಇನ್ನೂ ನಮ್ಮ ಪೇಟೆಯ ಔಷಧಿ ಅಂಗಡಿಯಿಂದ ಲೈನಿಗೆ ಬರುತ್ತಲೇ ಇದೆ. ನಾವೇ ಎಷ್ಟೋ ಸಲ ದುಡ್ಡು ಕೊಟ್ಟು ತರಿಸುತ್ತೇವೆ.

ಈಗ ಕೆಮ್ಮುವವರನ್ನು ಗಾಡಿ ಹತ್ತಿಸಬೇಡಿ ಎಂದು ಸಂಘ ಹೇಳಿದರೆ ಏನಾದೀತು? ಊಹೆಯ ಮಾತು ಬೇಡ. ಸಂಘದ ಕೆಲಸದ ಮೇಲೆ ಮೊಳಕಾಲ್ಮೂರು ಕಡೆ ಹೋಗಿದ್ದಾಗ ಒಂದು ಹಟ್ಟಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಸಂಕೋಚವಿಲ್ಲದೆ ಹೇಳಿದಳು: “ಕೆಮ್ಮು ಅಂದ್ರೆ ಮೇಸ್ತ್ರಿ ಬ್ಯಾಡ ಅಂತಾನೆ ಸಾಮಿ. ಅವ್ನು ಬಂದಾಗ ಬಾಯಾಗೆ ಒಂದು ಅಡಿಕೆ ಚೂರು ಹಾಕ್ಕಂಡು ಸುಮ್ಕೆ ನಿಂತ್ಕಂಡಿದ್ದೆ.” ಕೆಲವು ತೋಟದವರು ತಮ್ಮಷ್ಟಕ್ಕೆ ಇಂಥ ನಿಯಮವನ್ನು ಆಗಲೇ ಮಾಡಿಕೊಂಡಿದ್ದರ ಫಲ ಇದು. ಅವಳು ಗಾಡಿ ಹತ್ತಿದಳು, ಕೊಯ್ಲು ಮುಗಿಸಿದಳು, ಆ ನಾಲ್ಕು ತಿಂಗಳು ಲೈನಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡೇ ಕೆಮ್ಮಿದಳು. ಅವಳದು ಕ್ಷಯವೋ ಬರಿಯ ಧೂಳಿನ ಕೆಮ್ಮೋ ಅವಳಿಗೂ ಗೊತ್ತಿಲ್ಲ, ಅವಳ ಪಕ್ಕ ಮಲಗಿದ್ದವರಿಗೂ ಗೊತ್ತಿಲ್ಲ. ನಾಲ್ಕು ತಿಂಗಳ ಕೂಲಿಯನ್ನು ಒಂದು ಕೆಮ್ಮಿಗಾಗಿ ಕಳೆದುಕೊಳ್ಳುವವರು ಯಾರಿದ್ದಾರೆ? ಮೇಸ್ತ್ರಿಯ ಕೈಯಿಂದ ಮುಂಗಡ ಈಸಿಕೊಂಡು ಹಬ್ಬಕ್ಕೋ ಬೀಜಕ್ಕೋ ಖರ್ಚು ಮಾಡಿಯಾಗಿರುತ್ತದೆ. ಹೋಗದಿದ್ದರೆ ಸಾಲ ತೀರುವುದು ಹೇಗೆ? ನಿಯಮವನ್ನು ಇನ್ನಷ್ಟು ಬಿಗಿ ಮಾಡಿದಷ್ಟೂ ಅಡಿಕೆ ಚೂರಿನ ಖರ್ಚು ಹೆಚ್ಚೀತು, ಅಷ್ಟೆ.

ಹಾಗಾದರೆ ಮಾಡುವುದೇನು? ನಮ್ಮ ಮನಸ್ಸಿನಲ್ಲಿರುವುದನ್ನು ಹೇಳುತ್ತೇವೆ, ಸದಸ್ಯರು ತಿದ್ದಬಹುದು.

ಎರಡು ವಾರ ದಾಟಿದ ಕೆಮ್ಮು ಯಾರಿಗಿದ್ದರೂ ಕಫ ಪರೀಕ್ಷೆಯಾಗಬೇಕು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವು ಕಂಡರೆ ಎರಡು ವಾರ ಕಾಯಲೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಇದು ಗಾಡಿ ಹತ್ತುವ ಮೊದಲು ಹಟ್ಟಿಯಲ್ಲೇ ಆದರೆ ಒಳ್ಳೆಯದು. ಅಲ್ಲಿನ ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಯಾರು ಕೆಮ್ಮುತ್ತಾರೆಂಬುದು ನಮ್ಮ ಮೇಸ್ತ್ರಿಗಳಿಗಿಂತ ಚೆನ್ನಾಗಿ ಗೊತ್ತು. ಆದರೆ ಒಂದು ಷರತ್ತನ್ನು ಬಿಡುವಂತಿಲ್ಲ. ಕಫದಲ್ಲಿ ಕ್ರಿಮಿ ಕಂಡವನ ಕೆಲಸ ಹೋಗಕೂಡದು. ಆರಂಭದ ಕೆಲವು ವಾರ ಅವನು ಊರಲ್ಲೇ ಮಾತ್ರೆ ನುಂಗಿ, ವೈದ್ಯರು ಹೋಗಬಹುದೆಂದ ಮೇಲೆ ಬರಲಿ. ಅವನ ಜಾಗ ಅವನಿಗೇ ಇರಲಿ. ಆ ವಾರಗಳಿಗೆ ಮುಂಗಡದ ಮೇಲೆ ಬಡ್ಡಿ ಹಾಕುವ, ಕೂಲಿ ಹಿಡಿಯುವ ಮೇಸ್ತ್ರಿಯ ಲೆಕ್ಕವನ್ನು ಸಂಘ ಒಪ್ಪಬಾರದು. ಈ ಭರವಸೆಯಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಅದು ಇನ್ನೊಂದು ಬೇಲಿಯೇ ಆದೀತು.

ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡು ತಿಂಗಳಿಗೇ ಕೆಮ್ಮು ನಿಂತು, ಹಸಿವಾಗಿ, ಮೈ ತುಂಬಿಕೊಳ್ಳುತ್ತದೆ. ಅಲ್ಲಿಗೆ ಗುಣವಾಯಿತೆಂದು ಬಿಡುವವರು ಬಹಳ. ಒಂದು ಮಾತ್ರೆಯಿಂದ ಮೂತ್ರ ಕೆಂಪಾಗುತ್ತದೆ. ರಕ್ತವೆಂದು ಗಾಬರಿಯಾಗಿ ಬಿಡುವವರೂ ಉಂಟು. ಅದು ಮಾತ್ರೆಯ ಬಣ್ಣ, ಹೆದರಬೇಕಾದದ್ದಿಲ್ಲವೆಂದು ನಮ್ಮ ರೈಟರು ಮೊದಲೇ ಹೇಳಿದ್ದರೆ ಸಾಕು. ನಡುವೆ ಬಿಟ್ಟವನ ಕ್ರಿಮಿ ಮದ್ದಿಗೆ ಬಗ್ಗದಂತಾಗಬಹುದು, ಆಮೇಲೆ ಅವನಿಂದ ತಗಲುವುದೂ ಅದೇ ಮೊಂಡು ಕ್ರಿಮಿ. ಕೊಯ್ಲಿನ ನಡುವೆ ಆಳನ್ನು ಊರಿಗೆ ಅಟ್ಟುವುದರಲ್ಲಿ ಇರುವ ದೊಡ್ಡ ಕೇಡು ಇದೇ. ಚಳ್ಳಕೆರೆಯಲ್ಲಿ ಶುರುವಾದ ಚಿಕಿತ್ಸೆಯನ್ನು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು, ಇಲ್ಲಿಂದ ಅಲ್ಲಿಗೂ ಹಾಗೆಯೇ. ಸರ್ಕಾರದ ನಿಕ್ಷಯ್ ದಾಖಲೆ ಇರುವುದು ಅದಕ್ಕಾಗಿ. ಆಳಿನ ಕೈಯಲ್ಲಿ ಆ ನಂಬರು ಬರೆದ ಚೀಟಿ ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಅವನೊಡನೆ ಒಂದೇ ಕೋಣೆಯಲ್ಲಿದ್ದವರನ್ನು, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು, ತಪ್ಪದೆ ತೋರಿಸಬೇಕು. ರೋಗವಿಲ್ಲದವರಿಗೂ ಮುಂಜಾಗ್ರತೆಯ ಮಾತ್ರೆ ಈಗ ಉಂಟು. ದಿನವೂ ಆರು ತಿಂಗಳು ನುಂಗುವ ಬಗೆ ಒಂದು, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ನುಂಗುವ ಬಗೆ ಇನ್ನೊಂದು. ಯಾವುದೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಸೋಂಕು ತಗಲಿದವರಿಗೆಲ್ಲ ರೋಗ ಬರುವುದಿಲ್ಲವೆಂಬುದನ್ನೂ ಇಲ್ಲೇ ಹೇಳಬೇಕು. ಹತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಬರುತ್ತದೆ, ಅದರಲ್ಲೂ ಹೆಚ್ಚಾಗಿ ಮೊದಲೆರಡು ವರ್ಷದೊಳಗೆ. ಊಟವಿಲ್ಲದವರು, ಸಕ್ಕರೆ ಕಾಯಿಲೆಯವರು, ಕುಡಿತ ಬೀಡಿ ಹೆಚ್ಚಾದವರು ಬೇಗ ಬೀಳುತ್ತಾರೆ.

ಊಟದ ವಿಷಯ ಹಗುರವಾದದ್ದಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ 2019ರಿಂದ ನಡೆಸಿದ ಪ್ರಯೋಗ ಕಣ್ಣು ತೆರೆಸುವಂಥದು. ಕ್ಷಯರೋಗಿಗಳ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಂದು ಪಾಲಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಗೆ ಪಡೆದವರಲ್ಲಿ ಹೊಸದಾಗಿ ಕ್ಷಯ ಬಂದದ್ದು ಉಳಿದವರಿಗಿಂತ ಶೇಕಡಾ 40ರಷ್ಟು ಕಡಿಮೆ. ಸೋಂಕು ತಪ್ಪಿಸುವ ಲಸಿಕೆ ಇನ್ನೂ ಹುಡುಕುತ್ತಿರುವಾಗ ಬೇಳೆ ಇಷ್ಟು ಕೆಲಸ ಮಾಡಿತು! ರೋಗಿಗೆ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಬ್ಯಾಂಕ್ ಖಾತೆಯ ತೊಡಕಿನಿಂದ ಅದು ಕೈಸೇರದೆ ನಿಂತಿದ್ದರೆ ನಮ್ಮ ಸಂಘದ ಗುಮಾಸ್ತರು ಒಂದು ಅರ್ಜಿ ಬರೆದುಕೊಡಬಹುದಲ್ಲ.

ಗಾಳಿಗೆ ಖರ್ಚು ಇನ್ನೂ ಕಡಿಮೆ. ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಗಾಳಿಯ ಓಡಾಟವನ್ನು ಅಳೆದು 2007ರಲ್ಲಿ ವರದಿ ಮಾಡಿದರು. ಎತ್ತರದ ಸೂರು, ದೊಡ್ಡ ಕಿಟಕಿಗಳಿದ್ದ ಹಳೆಯ ಕೊಠಡಿಗಳು, ಯಂತ್ರದಿಂದ ಗಾಳಿ ಹಾಯಿಸುವ ಹೊಸ ಕೊಠಡಿಗಳಿಗಿಂತ ಕ್ಷಯದ ಮಟ್ಟಿಗೆ ಮೇಲೆಂದು ತಿಳಿದುಬಂತು. ನಮ್ಮ ಲೈನಿಗೆ ಎದುರುಬದಿರು ಎರಡು ಕಿಟಕಿ, ಮೇಲುಗೋಡಿನಲ್ಲಿ ಜಾಲರಿ ಇಟ್ಟಿಗೆ, ಒಲೆಗೆ ಹೊರಗೊಂದು ಚಪ್ಪರ, ಹೊದೆಯಲು ಇನ್ನೊಂದು ಕಂಬಳಿ; ಇಷ್ಟೇ ಬೇಕಾದದ್ದು. ಕಂಬಳಿ ಕೊಡದೆ ಕಿಟಕಿ ತೆರೆಯಿರಿ ಎಂದರೆ ಯಾರೂ ತೆರೆಯರು. ಚಳ್ಳಕೆರೆಯ ಕಂಬಳಿಯ ಗುಣ ನಿಮಗೆ ಹೇಳಬೇಕಾಗಿಲ್ಲ.

ಬೇರೆ ತಟ್ಟೆ, ಬೇರೆ ಲೋಟದ ಮಾತು ಸಭೆಯಲ್ಲಿ ಬಂದಿತ್ತು. ಕ್ಷಯ ತಟ್ಟೆ ಲೋಟದಿಂದ, ಬಟ್ಟೆ ಹಾಸಿಗೆಯಿಂದ, ಮುಟ್ಟಿದ್ದರಿಂದ ಹರಡುವುದಿಲ್ಲ. ಲೋಟ ಬೇರೆ ಮಾಡಿ ಅದೇ ಮುಚ್ಚಿದ ಕೋಣೆಯಲ್ಲಿ ಮಲಗಿಸುವುದರಿಂದ ಏನೂ ಉಪಯೋಗವಿಲ್ಲ. ಆ ಕಡೆಯಿಂದ ಬರುವ ಎಷ್ಟೋ ಜನಕ್ಕೆ ಬೇರೆ ಲೋಟವೆಂದರೆ ಯಾವ ರೋಗವೂ ಇಲ್ಲದೆ ಅನುಭವಿಸಿದ ಹಳೆಯ ಅವಮಾನವೆಂಬುದನ್ನೂ ನೆನಪಿಡುವುದು ಒಳ್ಳೆಯದು. ಕೆಮ್ಮುವಾಗ ಬಾಯಿಗೆ ಬಟ್ಟೆ, ಮೊದಲ ವಾರಗಳಲ್ಲಿ ಮಾಸ್ಕು, ಮಲಗಲು ಗಾಳಿಯಾಡುವ ಬೇರೆ ಜಾಗ, ಇವು ಸಾಕು.

ಇದೆಲ್ಲ ಸರ್ಕಾರದ ಕೆಲಸ, ನಾವು ಎರಡು ಮೂರು ಎಕರೆಯವರು ಎಂದು ಕೆಲವರು ಹೇಳಬಹುದು. ಪರೀಕ್ಷೆ, ಮಾತ್ರೆ ಸರ್ಕಾರದ್ದೇ. ಕಿಟಕಿ ಮಾತ್ರ ನಮ್ಮದು, ಕೆಲಸ ಉಳಿಸುವ ಮಾತೂ ನಮ್ಮದು. ಒಬ್ಬೊಬ್ಬ ಸಣ್ಣ ಬೆಳೆಗಾರನಿಗೆ ಅದು ಭಾರವಾದರೆ ಸಂಘವಿರುವುದು ಮತ್ತೇತಕ್ಕೆ? ಲೈನು ದುರಸ್ತಿಗೆ ಗೊಬ್ಬರದ ಸಾಲದಂತೆಯೇ ಕಡಿಮೆ ಬಡ್ಡಿಯ ಸಣ್ಣ ಸಾಲ ಕೊಡುವ ಪ್ರಸ್ತಾಪವನ್ನು ನಾವು ಮಂಡಳಿಯ ಮುಂದೆ ಇಡುತ್ತಿದ್ದೇವೆ. ಕೆಮ್ಮುವವರನ್ನು ತಡೆಯುವ ಸೂಚನೆ, ಈ ಪ್ರಸ್ತಾಪ ಎರಡೂ ಮುಂದಿನ ಸಭೆಯಲ್ಲಿ ಒಟ್ಟಿಗೆ ಚರ್ಚೆಗೆ ಬರಲಿವೆ. ಸೂಚಿಸಿದ ಸದಸ್ಯರೊಡನೆ ಮಾತಾಡಿದ್ದೇವೆ. ಅವರು ಇನ್ನೂ ಒಪ್ಪಿಲ್ಲ, ಆದರೆ ತಮ್ಮ ಲೈನಿನ ಗೋಡೆ ಒಡೆಸಿ ಎರಡು ಕಿಟಕಿ ಇಡಿಸಿದ್ದಾರೆ.

ಸಭೆಗೆ ಮೊದಲು ಸದಸ್ಯರು ತಮ್ಮ ತೋಟದಲ್ಲಿ ಎಷ್ಟು ಕೋಣೆಗಳಿವೆ, ಕೋಣೆಯೊಂದಕ್ಕೆ ಎಷ್ಟು ಮಂದಿ ಮಲಗುತ್ತಾರೆ, ಕಿಟಕಿಯಿಲ್ಲದವು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಮೇಸ್ತ್ರಿಗಳ ಸಭೆಯನ್ನು ಅವರು ಮುಂಗಡ ಹಂಚಲು ಆ ಕಡೆ ಹೊರಡುವ ಮೊದಲೇ ಕರೆಯುತ್ತೇವೆ.